ಖಾತರಿ ಆದಾಯ: ಗರ್ಭಿಣಿಯರು ಮತ್ತು ಪೋಷಕತ್ವದಿಂದ ಹೊರಬಂದ ಯುವಜನ

ನಿರ್ದಿಷ್ಟ ಅವಧಿಯವರೆಗೆ ನಿರ್ದಿಷ್ಟ ಮೊತ್ತದ ನಗದನ್ನು, ದುಡಿಮೆಯ ಷರತ್ತನ್ನಾಗಲಿ ಖರ್ಚಿನ ಲೆಕ್ಕವನ್ನಾಗಲಿ ಕೇಳದೆ, ತಿಂಗಳು ತಿಂಗಳೂ ನೇರವಾಗಿ ವ್ಯಕ್ತಿಯ ಕೈಗೆ ಸಲ್ಲಿಸುವ ಏರ್ಪಾಟಿಗೆ ಖಾತರಿ ಆದಾಯವೆಂದು ಹೆಸರು. ದೇಶದ ಸಮಸ್ತ ಪ್ರಜೆಗಳಿಗೂ ಜೀವನಪರ್ಯಂತ ಸಲ್ಲಬೇಕೆಂದು ಚಿಂತಕರು ಬಹುಕಾಲದಿಂದ ವಾದಿಸುತ್ತ ಬಂದಿರುವ ಸಾರ್ವತ್ರಿಕ ಮೂಲ ಆದಾಯಕ್ಕೂ ಇದಕ್ಕೂ ಭೇದವುಂಟು; ಅದು ಎಲ್ಲರ ಪಾಲಿನದು, ಇದು ಆರಿಸಿಕೊಂಡ ಕೆಲವರದು. ಹಾಗೆ ಆರಿಸಿಕೊಂಡವರ ಪೈಕಿ ಎರಡು ವರ್ಗಗಳು 2020ರಿಂದ ಈಚೆಗೆ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿಯೂ ಬ್ರಿಟನ್ನಿನ ವೇಲ್ಸ್‌ನಲ್ಲಿಯೂ ವಿಶೇಷವಾಗಿ ಗಮನ ಸೆಳೆದಿವೆ. ಒಂದು ಗರ್ಭಿಣಿಯರದು, ಮತ್ತೊಂದು, ಹೆತ್ತವರ ಆಸರೆ ತಪ್ಪಿ ಸರ್ಕಾರದ ಪೋಷಕತ್ವದಲ್ಲಿ ಬೆಳೆದು, ವಯಸ್ಸು ತುಂಬಿತೆಂಬ ಒಂದೇ ಕಾರಣಕ್ಕೆ ಅಲ್ಲಿಂದ ಹೊರಬಿದ್ದ ಯುವಜನರದು. ಇವೆರಡನ್ನೂ ಒಂದೇ ಶಾಸನದ ಆಶ್ರಯಕ್ಕೆ ತಂದುದು ಕ್ಯಾಲಿಫೋರ್ನಿಯ ರಾಜ್ಯ, 2021ರಲ್ಲಿ. ಮೇಲುನೋಟಕ್ಕೆ ಸಂಬಂಧವೇ ಇಲ್ಲವೆಂದು ತೋರುವ ಈ ಜೋಡಣೆಯಲ್ಲಿ ಒಂದು ಯುಕ್ತಿಯಿದೆ: ಇಬ್ಬರ ಗಡುವೂ ಮೊದಲೇ ಗೊತ್ತಿರುವಂಥದು. ಹೆರಿಗೆಯ ದಿನವಾಗಲಿ ಇಪ್ಪತ್ತೊಂದನೆಯ ಹುಟ್ಟುಹಬ್ಬವಾಗಲಿ ಕೈಯಲ್ಲಿ ಕಾಸು ಕೂಡುವವರೆಗೆ ಕಾಯುವುದಿಲ್ಲ. ಆದಕಾರಣ ಈ ಯೋಜನೆಗಳ ಗುಣದೋಷಗಳನ್ನು ಅಳೆಯುವವನು ಎಷ್ಟು ಕೊಟ್ಟರೆಂದು ಕೇಳುವ ಮೊದಲು ಯಾವಾಗ ಕೊಟ್ಟರು, ಯಾವಾಗ ನಿಲ್ಲಿಸಿದರು ಎಂದು ಕೇಳುವುದು ಲೇಸು.

ಫಾಸ್ಟರ್ ಕೇರ್ ಎಂದು ಅಮೆರಿಕದಲ್ಲಿ ಹೆಸರಾಗಿರುವ ಪೋಷಕತ್ವವನ್ನು ಅನಾಥಾಲಯವೆಂದು ಭಾವಿಸಬಾರದು. ಹಿಂಸೆ, ನಿರ್ಲಕ್ಷ್ಯ, ಮಾದಕವ್ಯಸನ, ಸೆರೆವಾಸ ಮೊದಲಾದ ಕಾರಣಗಳಿಂದ ನ್ಯಾಯಾಲಯದ ಆಜ್ಞೆಯ ಮೇರೆಗೆ ಹೆತ್ತವರಿಂದ ಬೇರ್ಪಡಿಸಿದ ಮಕ್ಕಳನ್ನು ಬಂಧುಗಳಲ್ಲಿಯೋ, ಸರ್ಕಾರದಿಂದ ವೆಚ್ಚ ಪಡೆಯುವ ಅನ್ಯ ಕುಟುಂಬಗಳಲ್ಲಿಯೋ, ಹಲವರು ಒಟ್ಟಿಗೆ ವಾಸಿಸುವ ಗುಂಪುಮನೆಗಳಲ್ಲಿಯೋ ಇರಿಸಿ ಸಾಕುವ ವ್ಯವಸ್ಥೆ ಅದು. ಅವರಲ್ಲಿ ಕೆಲವರು ಮರಳಿ ತಾಯ್ತಂದೆಯರನ್ನು ಸೇರುತ್ತಾರೆ, ಕೆಲವರು ದತ್ತು ಹೋಗುತ್ತಾರೆ; ಎರಡೂ ಕೂಡಿಬರದೆ ಉಳಿದವರು ವಯೋಮಿತಿ ಮುಟ್ಟಿ ಹೊರಬೀಳುತ್ತಾರೆ. ಅಂಥವರಿಗೆ ಕಾಲೇಜಿನ ರಜೆಯಲ್ಲಿ ಹೋಗಲು ಊರಿಲ್ಲ, ಬಾಡಿಗೆಯ ಕರಾರಿಗೆ ಜಾಮೀನು ನಿಲ್ಲಲು ತಂದೆಯಿಲ್ಲ, ಕೆಲಸ ಕಳೆದುಕೊಂಡ ತಿಂಗಳು ಎರಡು ಹೊತ್ತು ಬಡಿಸುವ ಚಿಕ್ಕಮ್ಮನಿಲ್ಲ. ನಮ್ಮ ನಾಡಿನ ಮಾತಿನಲ್ಲಿ ಹೇಳಬೇಕಾದರೆ ಇವರು ತವರಿಲ್ಲದವರು. ಬಾಣಂತನದ ಹೊಣೆ ತವರುಮನೆಯದೆಂಬ ನಮ್ಮ ರೂಢಿಯನ್ನು ಬಲ್ಲ ಓದುಗರಿಗೆ ಗರ್ಭಿಣಿಯೂ ಪೋಷಕತ್ವದಲ್ಲಿ ಬೆಳೆದವರೂ ಒಂದೇ ಶಾಸನದಲ್ಲಿ ಕೂಡಿದುದು ಅಷ್ಟೇನೂ ವಿಚಿತ್ರವಾಗಿ ತೋರದು. ಅಷ್ಟೇ ಅಲ್ಲದೆ, ಪೋಷಕತ್ವದಿಂದ ಹೊರಬಂದ ತರುಣಿಯರಲ್ಲಿ ಎಳೆವಯಸ್ಸಿಗೇ ತಾಯಿಯಾಗುವವರ ಪ್ರಮಾಣ ಇತರರಿಗಿಂತ ಬಹಳ ಹೆಚ್ಚೆಂಬುದು ಸಂಶೋಧಕರು ಕಂಡುಕೊಂಡಿರುವ ಸಂಗತಿ. ಎಂದರೆ ಈ ಎರಡು ವರ್ಗಗಳು ಒಬ್ಬಳೇ ವ್ಯಕ್ತಿಯಲ್ಲಿ ಸೇರುವುದೂ ಉಂಟು.

ವಯೋಮಿತಿ ಬಹುಕಾಲ ಹದಿನೆಂಟೇ ಆಗಿದ್ದಿತು. ಇದನ್ನು ಸಡಿಲಿಸುವಲ್ಲಿ ಮಾರ್ಕ್ ಕೋರ್ಟ್ನಿ ಎಂಬ ವಿದ್ವಾಂಸರ ನೇತೃತ್ವದಲ್ಲಿ 2002ರ ಸುಮಾರಿಗೆ ಆರಂಭವಾದ ಒಂದು ದೀರ್ಘಕಾಲದ ಅಧ್ಯಯನ ಮಹತ್ತ್ವದ ಪಾತ್ರ ವಹಿಸಿತು. ಇಲಿನಾಯ್, ಐಯೋವ, ವಿಸ್ಕಾನ್ಸಿನ್ ಎಂಬ ಮೂರು ನೆರೆರಾಜ್ಯಗಳ ಯುವಜನರನ್ನು ವರ್ಷಗಟ್ಟಲೆ ಬೆನ್ನುಹತ್ತಿ ವಿಚಾರಿಸಿದ ಈ ಅಧ್ಯಯನಕ್ಕೆ ಅದೃಷ್ಟವಶಾತ್ ಒಂದು ಸ್ವಾಭಾವಿಕ ಹೋಲಿಕೆ ದೊರೆಯಿತು: ಇಲಿನಾಯ್‌ನಲ್ಲಿ 21 ವರ್ಷದವರೆಗೆ ಪೋಷಕತ್ವದಲ್ಲಿ ಉಳಿಯಲು ಅವಕಾಶವಿದ್ದಿತು, ಉಳಿದೆರಡರಲ್ಲಿ ಸಾಮಾನ್ಯವಾಗಿ ಇರಲಿಲ್ಲ. ಹೆಚ್ಚು ಕಾಲ ಉಳಿದವರು ಕಾಲೇಜು ಸೇರುವ ಸಂಭವ ಹೆಚ್ಚೆಂದು ಕಂಡುಬಂದ ಮೇಲೆ ಕೇಂದ್ರ ಸರ್ಕಾರ 2008ರಲ್ಲಿ ಕಾನೂನು ಮಾಡಿ, 21ರವರೆಗೆ ಆಸರೆ ವಿಸ್ತರಿಸುವ ರಾಜ್ಯಗಳಿಗೆ ಧನಸಹಾಯ ನೀಡಲು ಒಪ್ಪಿತು. ಕ್ಯಾಲಿಫೋರ್ನಿಯ 2010ರಲ್ಲಿ ತಕ್ಕ ಶಾಸನ ಮಾಡಿ 2012ರಿಂದ ಜಾರಿಗೆ ತಂದಿತು. ಇದರಿಂದ ಗಡುವು ಮೂರು ವರ್ಷ ಮುಂದೆ ಸರಿಯಿತೇ ಹೊರತು ಅಳಿಯಲಿಲ್ಲ. ಖಾತರಿ ಆದಾಯದ ಯೋಜನೆಗಳು ಕಾಲಿಟ್ಟುದು ಈ 21ರ ಅಂಚಿನಲ್ಲಿ.

ಇಪ್ಪತ್ತೊಂದು ತುಂಬಿದವನ ಕೈಗೆ ಸಮಾಜ ಒಂದಿಷ್ಟು ಹಣವಿಡಬೇಕೆಂಬ ವಿಚಾರವೇನೂ ಹೊಸದಲ್ಲ. ಥಾಮಸ್ ಪೇನ್ 1797ರಲ್ಲಿ ಪ್ರಕಟಿಸಿದ ಕಿರುಹೊತ್ತಗೆಯೊಂದರಲ್ಲಿ, ಭೂಮಿ ಖಾಸಗಿ ಸ್ವತ್ತಾದುದರಿಂದ ಸಹಜ ಹಕ್ಕನ್ನು ಕಳೆದುಕೊಂಡ ಪ್ರತಿಯೊಬ್ಬರಿಗೂ 21ನೆಯ ವಯಸ್ಸಿನಲ್ಲಿ 15 ಪೌಂಡುಗಳ ಪರಿಹಾರ ಸಲ್ಲಬೇಕೆಂದು ವಾದಿಸಿದ್ದನು. ಅಮೆರಿಕದಲ್ಲಿ ಖಾತರಿ ಆದಾಯವೆಂಬ ಮಾತಿಗೆ ನೈತಿಕ ಪ್ರತಿಷ್ಠೆ ತಂದವರು ಮಾರ್ಟಿನ್ ಲೂಥರ್ ಕಿಂಗ್. 1967ರ ತಮ್ಮ ಪುಸ್ತಕದಲ್ಲಿ ಅವರು ದಾರಿದ್ರ್ಯಕ್ಕೆ ನೇರ ಮದ್ದೆಂದರೆ ಇದೇ ಎಂದು ಪ್ರತಿಪಾದಿಸಿದರು. ಅಧ್ಯಕ್ಷ ನಿಕ್ಸನ್ 1969ರಲ್ಲಿ ಮುಂದಿಟ್ಟ ಕುಟುಂಬ ಸಹಾಯ ಯೋಜನೆ ಸೆನೆಟ್ಟಿನಲ್ಲಿ ಬಿದ್ದುಹೋಯಿತು. ಆದರೆ ಆ ಕಾಲದಲ್ಲಿ ನಡೆದ ಪ್ರಯೋಗಗಳು ಉಳಿದುವು. ಇಂಡಿಯಾನ ರಾಜ್ಯದ ಗ್ಯಾರಿ ಎಂಬ ಉಕ್ಕಿನ ಊರಿನಲ್ಲಿ 1970ರ ದಶಕದ ಆದಿಭಾಗದಲ್ಲಿ ನಡೆದ ಪ್ರಯೋಗದ ಕಡತಗಳನ್ನು ಪರಿಶೀಲಿಸಿದ ಇಬ್ಬರು ಸಂಶೋಧಕರು, ಕಡಿಮೆ ತೂಕದ ಶಿಶು ಹುಟ್ಟುವ ಅಪಾಯ ಹೆಚ್ಚಾಗಿದ್ದ ತಾಯಂದಿರ ಮಕ್ಕಳು ನಗದು ಪಡೆದ ಕುಟುಂಬಗಳಲ್ಲಿ ಹೆಚ್ಚು ತೂಗಿದುವೆಂದು 1979ರಲ್ಲಿ ವರದಿ ಮಾಡಿದರು. ಪ್ರಯೋಗ ಹೂಡಿದವರ ಮುಖ್ಯ ಚಿಂತೆ ಹಣ ಸಿಕ್ಕರೆ ಗಂಡಸರು ದುಡಿಮೆ ಬಿಟ್ಟಾರೆಂಬುದಾಗಿದ್ದಿತು. ಶಿಶುವಿನ ತೂಕದ ವಿಚಾರ ಅದರ ಬದಿಯಲ್ಲಿ ಮೂಡಿದ ಫಲ. ನಾಲ್ಕು ದಶಕಗಳ ತರುವಾಯ ಅದೇ ಮುಖ್ಯ ವಿಷಯವಾಯಿತು.

ಗರ್ಭಾವಸ್ಥೆಯಲ್ಲಿ ನೀಡಿದ ನಗದಿನ ಬಗೆಗೆ ಇರುವ ಬಲವಾದ ಸಾಕ್ಷ್ಯ ಕೆನಡದ ಮ್ಯಾನಿಟೋಬ ಪ್ರಾಂತದ್ದು. ಅಲ್ಲಿ 2001ರಲ್ಲಿ ಆರಂಭವಾದ ಯೋಜನೆಯಂತೆ ಅಲ್ಪ ಆದಾಯದ ಗರ್ಭಿಣಿಗೆ ಎರಡನೆಯ ಮತ್ತು ಮೂರನೆಯ ತ್ರೈಮಾಸಿಕಗಳಲ್ಲಿ ತಿಂಗಳಿಗೆ ಗರಿಷ್ಠ 81.41 ಕೆನಡ ಡಾಲರು ಸಲ್ಲುತ್ತಿದ್ದಿತು. ಮಾರ್ನಿ ಬ್ರೌನೆಲ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನ ಅವಧಿಗೆ ಮುಂಚಿನ ಹೆರಿಗೆಯೂ ಕಡಿಮೆ ತೂಕದ ಜನನವೂ ಹಣ ಪಡೆದವರಲ್ಲಿ ಗಣನೀಯವಾಗಿ ತಗ್ಗಿದುದನ್ನು ತೋರಿಸಿತು. ಎಂಬತ್ತೊಂದು ಡಾಲರೆಂದರೆ ಆ ದೇಶದಲ್ಲಿ ವಾರದ ದಿನಸಿಗೂ ಸಾಲುವುದು ಕಷ್ಟ. ಅಷ್ಟಕ್ಕೇ ಇಷ್ಟು ಫಲ ಬಂದುದಾದರೆ ಹಣ ಕೈಸೇರಿದ ಹೊತ್ತಿನ ಮಹತ್ತ್ವ ಎಷ್ಟೆಂಬುದು ಊಹ್ಯ. ಬ್ರಿಟನ್ ಸರ್ಕಾರ 2009ರಿಂದ 25 ವಾರ ತುಂಬಿದ ಪ್ರತಿಯೊಬ್ಬ ಗರ್ಭಿಣಿಗೂ, ಬಡವಳೋ ಸಿರಿವಂತೆಯೋ ಎಂದು ನೋಡದೆ, 190 ಪೌಂಡುಗಳನ್ನು ಒಂದೇ ಗಂಟಾಗಿ ನೀಡಿ, 2011ರ ಆದಿಯಲ್ಲಿ ಮಿತವ್ಯಯದ ಹೆಸರಿನಲ್ಲಿ ಅದನ್ನು ರದ್ದುಮಾಡಿತು. ಮಕ್ಕಳ ಜನನತೂಕ ಕೊಂಚ ಏರಿದ್ದಿತೆಂದು ಅಂಕಿಅಂಶಗಳು ಹೇಳಿದುದು ಯೋಜನೆ ಮುಗಿದು ಹತ್ತು ವರ್ಷ ಕಳೆದ ಮೇಲೆ.

ಇತ್ತೀಚಿನ ಅಧ್ಯಾಯ ತೆರೆದುದು ಕ್ಯಾಲಿಫೋರ್ನಿಯದ ಸ್ಟಾಕ್ಟನ್ ನಗರದಲ್ಲಿ. ಅಲ್ಲಿನ ತರುಣ ಮೇಯರ್ ಮೈಕೇಲ್ ಟಬ್ಸ್ 2019ರಲ್ಲಿ 125 ಮಂದಿ ನಿವಾಸಿಗಳಿಗೆ ತಿಂಗಳಿಗೆ 500 ಡಾಲರಿನಂತೆ ಎರಡು ವರ್ಷ ಕೊಡಿಸಿದ ಪ್ರಯೋಗ ದೇಶದ ನಾನಾ ನಗರಗಳಿಗೆ ಮೇಲ್ಪಂಕ್ತಿಯಾಯಿತು. ಮರುವರ್ಷ, ಸಿಲಿಕಾನ್ ಕಣಿವೆಯ ಹೃದಯವೆನ್ನಬಹುದಾದ ಸಾಂತಾ ಕ್ಲಾರಾ ಜಿಲ್ಲೆ ಡೇವ್ ಕೋರ್ಟೀಸ್ ಎಂಬ ಜಿಲ್ಲಾ ಪ್ರತಿನಿಧಿಯ ಸಲಹೆಯಂತೆ ಪೋಷಕತ್ವದಿಂದ ಹೊರಬಂದ 72 ಮಂದಿಗೆ ತಿಂಗಳಿಗೆ 1,000 ಡಾಲರು ನೀಡತೊಡಗಿತು. ಈ ವರ್ಗಕ್ಕೆಂದೇ ಮೀಸಲಾದ ಪ್ರಯೋಗಗಳಲ್ಲಿ ಅಮೆರಿಕದಲ್ಲಿ ಇದು ಮೊದಲನೆಯದು. ಕನ್ನಡಿಗ ಎಂಜಿನಿಯರುಗಳೂ ದೊಡ್ಡ ಸಂಖ್ಯೆಯಲ್ಲಿ ನೆಲಸಿರುವ ಆ ಜಿಲ್ಲೆಯ ಬಾಡಿಗೆಯ ದರವನ್ನು ಬಲ್ಲವರಿಗೆ ಸಾವಿರ ಡಾಲರು ಒಂದು ಕೋಣೆಯ ಪಾಲಷ್ಟೇ ಎಂದು ಗೊತ್ತಾಗದಿರದು. ವರ್ಷದ ಯೋಜನೆಯನ್ನು ಜಿಲ್ಲಾಮಂಡಲಿ ತರುವಾಯ ವಿಸ್ತರಿಸಿತು.

ಗರ್ಭಿಣಿಯರ ಕಡೆಯಿಂದ ಸ್ಯಾನ್ ಫ್ರಾನ್ಸಿಸ್ಕೊ ನಗರ ಮುಂದೆ ಬಂದಿತು. ಅಮೆರಿಕದಲ್ಲಿ ಕಪ್ಪು ಜನಾಂಗದ ತಾಯಂದಿರ ಮರಣಪ್ರಮಾಣ 2021ರಲ್ಲಿ ಬಿಳಿಯರಿಗಿಂತ ಎರಡೂವರೆ ಪಟ್ಟು ಮೀರಿದ್ದಿತು. ವಿದ್ಯೆ, ಹಣ ಎರಡೂ ಉಳ್ಳ ಕಪ್ಪು ಸ್ತ್ರೀಯರನ್ನೂ ಈ ಅಂತರ ಬಿಟ್ಟಿಲ್ಲ. ವೈದ್ಯೆ ಝಿಯಾ ಮಲಾವಾ ಅವರು ಮುನ್ನಡೆಸಿದ ಸಮೃದ್ಧ ಜನನ ಯೋಜನೆ, 2020ರ ಸೆಪ್ಟೆಂಬರಿನಲ್ಲಿ ಮೇಯರ್ ಲಂಡನ್ ಬ್ರೀಡ್ ಘೋಷಿಸಿದಂತೆ, ಕಪ್ಪು ಮತ್ತು ಪೆಸಿಫಿಕ್ ದ್ವೀಪಮೂಲದ ಸುಮಾರು 150 ಗರ್ಭಿಣಿಯರಿಗೆ ಬಸುರಿನಲ್ಲಿಯೂ ಹೆರಿಗೆಯಾಗಿ ಆರು ತಿಂಗಳವರೆಗೂ ತಿಂಗಳಿಗೆ 1,000 ಡಾಲರು ನೀಡಲು ಉದ್ದೇಶಿಸಿತು. ಜನಾಂಗವನ್ನು ಅರ್ಹತೆಯ ಅಳತೆಗೋಲಾಗಿ ಬಳಸಿದುದು ಸಂವಿಧಾನದ ಸಮಾನತಾ ತತ್ತ್ವಕ್ಕೆ ವಿರುದ್ಧವೆಂದು 2023ರಲ್ಲಿ ನಗರದ ಮೇಲೆ ದಾವೆ ಹೂಡಲಾಯಿತು. ರೋಗ ಜನಾಂಗವನ್ನು ನೋಡಿ ಬಡಿಯುತ್ತಿರುವಾಗ ಮದ್ದು ಜನಾಂಗವನ್ನು ನೋಡಕೂಡದೆಂಬ ಈ ವಾದದಲ್ಲಿ ಕಾನೂನಿನ ತರ್ಕ ಎಷ್ಟಿದ್ದರೂ ವೈದ್ಯನಿಗೆ ಅದು ರುಚಿಸುವುದು ಕಷ್ಟ.

ಈ ಸ್ಥಳೀಯ ಯತ್ನಗಳನ್ನು ರಾಜ್ಯದ ಮಟ್ಟಕ್ಕೆ ಏರಿಸಿದ್ದು 2021ರ ಬೇಸಗೆಯಲ್ಲಿ ಶಾಸನಸಭೆ ಅಂಗೀಕರಿಸಿದ 35 ದಶಲಕ್ಷ ಡಾಲರುಗಳ ಅನುದಾನ. ಪೋಷಕತ್ವದ ವಿಸ್ತೃತ ಅವಧಿಯನ್ನು 21ರಲ್ಲಿ ಅಥವಾ ಅನಂತರ ಮುಗಿಸಿದವರಿಗೂ ಗರ್ಭಿಣಿಯರಿಗೂ ಆದ್ಯತೆ ನೀಡಬೇಕೆಂದೂ, ಸರ್ಕಾರದ ಪಾಲಿನ ಅರ್ಧದಷ್ಟಾದರೂ ಹಣವನ್ನು ಖಾಸಗಿ ದಾನಿಗಳಿಂದ ಕೂಡಿಸಿ ತರಬೇಕೆಂದೂ ಶಾಸನ ವಿಧಿಸಿತು. ರಾಜ್ಯದ ಸಮಾಜ ಸೇವಾ ಇಲಾಖೆ 2022ರ ನವೆಂಬರಿನಲ್ಲಿ ಏಳು ಸಂಸ್ಥೆಗಳನ್ನು ಆರಿಸಿ 25 ದಶಲಕ್ಷ ಡಾಲರಿಗೂ ಮಿಕ್ಕ ಹಣವನ್ನು ಹಂಚಿತು. ಫಲಾನುಭವಿಗಳ ಉದ್ದಿಷ್ಟ ಸಂಖ್ಯೆ 1,975, ಮಾಸಿಕ ಮೊತ್ತ 600ರಿಂದ 1,200 ಡಾಲರು, ಅವಧಿ 12ರಿಂದ 18 ತಿಂಗಳು. ಸ್ಯಾನ್ ಫ್ರಾನ್ಸಿಸ್ಕೊ ಮತ್ತು ವೆಂಚುರಾ ಜಿಲ್ಲೆಗಳ ಇಲಾಖೆಗಳೂ ಐಫಾಸ್ಟರ್ ಎಂಬ ಸಂಸ್ಥೆಯೂ ಯುವಜನರನ್ನು ವಹಿಸಿಕೊಂಡವು. ರಾಜ್ಯದ ಉತ್ತರದ ತುದಿಯಲ್ಲಿ ಕೆಂಪುಮರಗಳ ಕಾಡಿನ ನಡುವೆ ಇರುವ ಹಂಬೋಲ್ಟ್ ಜಿಲ್ಲೆಯ ಮೆಕಿನ್ಲಿವಿಲ್ ಎಂಬ ಸಣ್ಣ ಊರಿನ ಸಮುದಾಯ ಸಂಸ್ಥೆ ಗರ್ಭಿಣಿಯರನ್ನು ಆರಿಸಿಕೊಂಡಿತು. ಸಮೃದ್ಧ ಜನನ ಯೋಜನೆಯೂ ಈ ಹಣದ ನೆರವಿನಿಂದ ಬೇರೆ ಜಿಲ್ಲೆಗಳಿಗೆ ಹಬ್ಬಿತು.

ನಗದು ಕೊಡುವುದಕ್ಕಿಂತ ಸರಳವಾದ ಕಾರ್ಯ ಯಾವುದಿದೆ ಎಂದು ಕೇಳುವವರು ಉಂಟು. ಅಮೆರಿಕದಲ್ಲಿ ಅದು ಸರಳವಲ್ಲ. ಬಡವರಿಗೆ ಸಲ್ಲುವ ಅಲ್ಲಿನ ಸಹಾಯಗಳೆಲ್ಲ ಆದಾಯದ ಮಿತಿಗೆ ಕಟ್ಟುಬಿದ್ದಿರುವುದರಿಂದ ಒಂದು ಕೈಯಿಂದ ಬಂದ ಹಣ ಮತ್ತೊಂದು ಕೈಯಿಂದ ಜಾರಿಹೋಗುವ ಅಪಾಯ ಸದಾ ಇದ್ದೇ ಇದೆ. ಉದಾಹರಣೆಗೆ, ಸರ್ಕಾರದ ಬಾಡಿಗೆ ಚೀಟಿಯ ಮೇಲೆ ವಾಸಿಸುವ ಒಬ್ಬಾಕೆ ತನ್ನ ಆದಾಯದ ಸುಮಾರು ಶೇಕಡ 30ರಷ್ಟನ್ನು ಬಾಡಿಗೆಗೆ ಕಟ್ಟಬೇಕು, ಉಳಿದದ್ದು ಸರ್ಕಾರದ ಪಾಲು. ತಿಂಗಳ 1,000 ಡಾಲರನ್ನು ಆದಾಯವೆಂದು ಎಣಿಸಿದರೆ ಆಕೆಯ ಬಾಡಿಗೆ ಒಮ್ಮೆಗೇ ಸುಮಾರು 300 ಡಾಲರು ಏರುತ್ತದೆ. ಅಂಗವೈಕಲ್ಯದ ಕಾರಣ ಪೂರಕ ಭತ್ಯೆ ಪಡೆಯುವವರ ಗತಿ ಇನ್ನೂ ಕಠಿನ. ದುಡಿಮೆಯಿಂದ ಬಾರದ ಹಣದಲ್ಲಿ ಮೊದಲ 20 ಡಾಲರನ್ನು ಬಿಟ್ಟು ಮಿಕ್ಕ ಪ್ರತಿ ಡಾಲರಿಗೂ ಭತ್ಯೆಯಲ್ಲಿ ಒಂದು ಡಾಲರು ಕಡಿತವಾಗುವುದರಿಂದ ಸಾವಿರ ಬಂದರೆ ಭತ್ಯೆ ಹೆಚ್ಚುಕಡಿಮೆ ಪೂರ್ತಿ ಅಳಿಯುತ್ತದೆ, ಹದಿನೆಂಟು ತಿಂಗಳ ನಂತರ ಅದನ್ನು ಮರಳಿ ಪಡೆಯಲು ಹೊಸದಾಗಿ ಕಚೇರಿ ಅಲೆಯಬೇಕು. ಕ್ಯಾಲಿಫೋರ್ನಿಯ ತನ್ನ ಅಧಿಕಾರವ್ಯಾಪ್ತಿಯ ಸಹಾಯಗಳಲ್ಲಿ ಈ ಹಣವನ್ನು ಲೆಕ್ಕಕ್ಕೆ ಹಿಡಿಯಕೂಡದೆಂದು ವಿಧಿಸಿತಾದರೂ ಕೇಂದ್ರದ ನಿಯಮಗಳನ್ನು ತಿದ್ದುವ ಅಧಿಕಾರ ಅದಕ್ಕಿರಲಿಲ್ಲ. ಆದ್ದರಿಂದಲೇ ಹಣ ಸ್ವೀಕರಿಸುವ ಮುನ್ನ ಅರ್ಜಿದಾರರನ್ನು ಕೂಡಿಸಿಕೊಂಡು, ಇದರಿಂದ ನಿಮಗೆ ಬರುವುದೆಷ್ಟು, ಹೋಗುವುದೆಷ್ಟು ಎಂದು ಕಾಗದದ ಮೇಲೆ ಕೂಡಿ ಕಳೆದು ತೋರಿಸುವ ಸಲಹೆಗಾರರು ಈ ಯೋಜನೆಗಳ ಅವಿಭಾಜ್ಯ ಅಂಗವಾದರು. ಲೆಕ್ಕ ನೋಡಿ ಬೇಡವೆನ್ನುವ ಸ್ವಾತಂತ್ರ್ಯವೂ ಅರ್ಜಿದಾರರದೇ.

ಆದಾಯ ಅಳೆದು ಆರಿಸುವ ಜಂಜಾಟವನ್ನೇ ಕಿತ್ತೊಗೆದ ಪ್ರಯೋಗ ಮಿಷಿಗನ್ ರಾಜ್ಯದ ಫ್ಲಿಂಟ್ ನಗರದ್ದು. ಮೋಟಾರು ಕಾರ್ಖಾನೆಗಳು ಮುಚ್ಚಿ ಬಡವಾದ ಈ ಊರಿನಲ್ಲಿ 2014ರಲ್ಲಿ ಉಳಿತಾಯಕ್ಕೆಂದು ಕುಡಿಯುವ ನೀರಿನ ಮೂಲ ಬದಲಿಸಿದಾಗ ಕೊಳವೆಗಳ ಸೀಸ ನೀರಿಗಿಳಿದು ಮಕ್ಕಳ ರಕ್ತ ಸೇರಿತು. ಅದನ್ನು ಅಂಕಿಗಳ ಸಹಿತ ಹೊರಗೆಡಹಿದ ಶಿಶುವೈದ್ಯೆ ಮೋನಾ ಹನ್ನಾ ಅವರೇ ಸಮಾಜನೀತಿಯ ವಿದ್ವಾಂಸ ಲ್ಯೂಕ್ ಶೇಫರ್ ಅವರೊಡಗೂಡಿ 2024ರ ಜನವರಿಯಲ್ಲಿ ಆರ್‌ಎಕ್ಸ್ ಕಿಡ್ಸ್ ಎಂಬ ಯೋಜನೆಯನ್ನು ಆರಂಭಿಸಿದರು. ವೈದ್ಯರ ಔಷಧಿ ಚೀಟಿಯ ಗುರುತನ್ನೇ ಹೆಸರಾಗಿ ಇಟ್ಟುಕೊಂಡ ಈ ಯೋಜನೆಯಲ್ಲಿ ನಗರವಾಸಿಯಾದ ಪ್ರತಿ ಗರ್ಭಿಣಿಗೂ ಬಸುರಿನ ನಡುಗಾಲದಲ್ಲಿ 1,500 ಡಾಲರು, ಮಗು ಹುಟ್ಟಿದ ಮೇಲೆ ಒಂದು ವರ್ಷ ತಿಂಗಳಿಗೆ 500 ಡಾಲರು ಸಲ್ಲುತ್ತದೆ. ಗುರುತು, ವಿಳಾಸ, ಬಸುರಿನ ದಾಖಲೆ ಇವಿಷ್ಟನ್ನು ತೋರಿಸಿದರಾಯಿತು, ಆದಾಯವೆಷ್ಟೆಂದು ಕೇಳುವವರಿಲ್ಲ. ಮೊದಲ ಕಂತು ತೊಟ್ಟಿಲಿಗೋ ಬಾಡಿಗೆಯ ಬಾಕಿಗೋ ಕಾರಿನ ರಿಪೇರಿಗೋ ಒದಗುವಂತೆ ದೊಡ್ಡದಾಗಿರುವುದು ವಿಚಾರಪೂರ್ವಕವಾದದ್ದು. ಮಾಟ್ ಪ್ರತಿಷ್ಠಾನದ ದತ್ತಿಯೂ ಬಡಕುಟುಂಬಗಳಿಗೆಂದು ಕೇಂದ್ರ ಸರ್ಕಾರ ರಾಜ್ಯಗಳಿಗೆ ನೀಡುವ ನಿಧಿಯೂ ಇದರ ಆಧಾರ. ಹೆರಿಗೆಯ ನಂತರದ ಖಿನ್ನತೆಯ ಲಕ್ಷಣಗಳೂ ಬಾಡಿಗೆಯ ಸಂಕಷ್ಟವೂ ತಗ್ಗಿದುವೆಂದು ಆರಂಭದ ಅಧ್ಯಯನಗಳು ವರದಿ ಮಾಡಿವೆ. ಕಲಮಜೂ ಮೊದಲಾದ ಇತರ ಊರುಗಳಿಗೂ ಯೋಜನೆ ಹಬ್ಬಿದೆ.

ವೇಲ್ಸ್ ಸರ್ಕಾರದ ಪ್ರಯೋಗ ಮೊತ್ತದಲ್ಲಿ ಇವೆಲ್ಲಕ್ಕಿಂತ ಉದಾರವಾದುದು. ಮುಖ್ಯಮಂತ್ರಿ ಪದವಿಗೆ ಸಮನಾದ ಪ್ರಥಮ ಸಚಿವಸ್ಥಾನದಲ್ಲಿದ್ದ ಮಾರ್ಕ್ ಡ್ರೇಕ್‌ಫರ್ಡ್ ಹಿಂದೆ ಸಮಾಜನೀತಿಯ ಪ್ರಾಧ್ಯಾಪಕರಾಗಿದ್ದವರು. ಪೋಷಕತ್ವದಲ್ಲಿದ್ದು 2022ರ ಜುಲೈ 1ರಿಂದ 2023ರ ಜೂನ್ 30ರ ಒಳಗೆ 18 ತುಂಬಿದವರೆಲ್ಲರಿಗೂ, ಹುಟ್ಟುಹಬ್ಬದ ಮರುತಿಂಗಳಿನಿಂದ 24 ತಿಂಗಳು, ತಿಂಗಳಿಗೆ 1,600 ಪೌಂಡುಗಳನ್ನು ನೀಡಲು ಅವರ ಸರ್ಕಾರ ನಿರ್ಧರಿಸಿತು. ಇದರಲ್ಲಿ 320 ಪೌಂಡು ಆದಾಯ ತೆರಿಗೆಯಾಗಿ ಮೂಲದಲ್ಲಿಯೇ ಮುರಿದುಕೊಂಡು 1,280 ಕೈಗೆ ಬರುತ್ತಿದ್ದಿತು. ತಿಂಗಳಿಗೊಮ್ಮೆ ಬೇಕೋ ಎರಡು ಸಲ ಬೇಕೋ, ಬಾಡಿಗೆ ನೇರವಾಗಿ ಮನೆಯೊಡೆಯನಿಗೆ ಹೋಗಬೇಕೋ ಎಂಬುದನ್ನು ಪಡೆಯುವವರೇ ಆರಿಸಬಹುದಾಗಿದ್ದಿತು. ಹದಿನೆಂಟರ ಹುಡುಗನಿಗೆ ಕೊಟ್ಟ ಹಣದಿಂದ ತೆರಿಗೆ ಕಡಿಯುವುದು ಜಿಪುಣತನವೆಂದು ತೋರಬಹುದು, ಆದರೆ ಸಂಬಳದ ಚೀಟಿಯಲ್ಲಿ ತೆರಿಗೆಯ ಸಾಲನ್ನು ಕಂಡವನಿಗೆ ತಾನು ಭಿಕ್ಷೆ ಪಡೆಯುತ್ತಿಲ್ಲವೆಂಬ ಭಾವನೆ ಹುಟ್ಟೀತು. ಅರ್ಹರಲ್ಲಿ ಬಹುಪಾಲು, ಆರುನೂರಕ್ಕೂ ಮಿಕ್ಕ ಮಂದಿ, ಸೇರಿದರು. ಲಂಡನ್ನಿನ ಕೇಂದ್ರ ಸರ್ಕಾರ ಮಾತ್ರ ಈ ಹಣವನ್ನು ತನ್ನ ಸಾಮಾಜಿಕ ಭತ್ಯೆಗಳ ಲೆಕ್ಕದಿಂದ ಹೊರಗಿಡಲು ಒಪ್ಪಲಿಲ್ಲ. ಕ್ಯಾಲಿಫೋರ್ನಿಯದಲ್ಲಿ ಕಂಡ ಗಂಟೇ ಇಲ್ಲಿಯೂ.

ಫಲಿತಾಂಶಗಳ ವಿಚಾರದಲ್ಲಿ ಸಂಯಮ ಬೇಕು. ನ್ಯೂಯಾರ್ಕ್, ನ್ಯೂ ಆರ್ಲಿಯನ್ಸ್, ಒಮಾಹಾ, ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್ ಪ್ರದೇಶಗಳಲ್ಲಿ 2018ರಿಂದ ನಡೆದ ಮಗುವಿನ ಮೊದಲ ವರ್ಷಗಳು ಎಂಬ ಪ್ರಯೋಗದಲ್ಲಿ ಸಾವಿರ ಮಂದಿ ಬಡ ತಾಯಂದಿರನ್ನು ಚೀಟಿಯೆತ್ತಿ ವಿಂಗಡಿಸಿ, ಕೆಲವರಿಗೆ ತಿಂಗಳಿಗೆ 333 ಡಾಲರನ್ನೂ ಉಳಿದವರಿಗೆ 20 ಡಾಲರನ್ನೂ ನೀಡಲಾಯಿತು. ಒಂದು ವರ್ಷದ ಶಿಶುಗಳ ಮಿದುಳಿನ ವಿದ್ಯುತ್ ಚಟುವಟಿಕೆಯಲ್ಲಿ ಭೇದವಿದೆಯೆಂದು 2022ರಲ್ಲಿ ಪ್ರಕಟವಾದಾಗ ಪತ್ರಿಕೆಗಳು ಸಂಭ್ರಮಿಸಿದುವು; ಆ ಮಕ್ಕಳಿಗೆ ನಾಲ್ಕು ತುಂಬಿದಾಗ ಭಾಷೆ, ನಡವಳಿಕೆ ಮುಂತಾದ ಮುಖ್ಯ ಅಳತೆಗಳಲ್ಲಿ ಎರಡು ಗುಂಪುಗಳ ನಡುವೆ ಗಮನಾರ್ಹ ಅಂತರ ಕಾಣಲಿಲ್ಲವೆಂದು 2025ರಲ್ಲಿ ತಿಳಿದುಬಂದಿತು. ಮಗು ಹುಟ್ಟಿದ ಮೇಲೆ ಹಣ ಬಂದುದರಿಂದಲೋ, ಮೊತ್ತ ಸಾಲದುದರಿಂದಲೋ, ನಡುವೆ ಬಂದ ಕೋವಿಡ್ ಕಾಲದ ಸರ್ಕಾರಿ ಸಹಾಯ ಎರಡು ಗುಂಪುಗಳಿಗೂ ದೊರೆತುದರಿಂದಲೋ ಎಂಬ ಚರ್ಚೆ ಮುಗಿದಿಲ್ಲ. ಬಾಡಿಗೆ ಕಟ್ಟಲಾರದ ತಾಯಿಗೆ ಬಾಡಿಗೆ ಕಟ್ಟಲು ಹಣ ಕೊಟ್ಟು, ಅದರಿಂದ ಮಗು ನಾಲ್ಕು ವರ್ಷದ ನಂತರ ಹೆಚ್ಚು ಪದ ಕಲಿಯಿತೇ ಎಂದು ಕೇಳುವುದು ನ್ಯಾಯವೇ ಎಂಬ ಪ್ರಶ್ನೆಯನ್ನೂ ಎತ್ತಬಹುದು.

ಭಾರತದಲ್ಲಿ ಗರ್ಭಿಣಿಯರಿಗೆ ನಗದು ನೀಡುವ ರೂಢಿ ಹಳೆಯದು. ತಮಿಳುನಾಡಿನ ಮುತ್ತುಲಕ್ಷ್ಮಿ ರೆಡ್ಡಿ ಸ್ಮಾರಕ ಯೋಜನೆ 1987ರಷ್ಟು ಹಿಂದಿನದು. ಕೇಂದ್ರದ ಮಾತೃವಂದನಾ ಯೋಜನೆ 2017ರಿಂದ ಮೊದಲ ಮಗುವಿನ ಹೆರಿಗೆಗೆ 5,000 ರೂಪಾಯಿ ನೀಡುತ್ತಿದೆ, ಕರ್ನಾಟಕ ಸರ್ಕಾರವೂ 2018ರಲ್ಲಿ ಮಾತೃಶ್ರೀ ಎಂಬ ಹೆಸರಿನಲ್ಲಿ ಬಡ ಗರ್ಭಿಣಿಯರಿಗೆ ಮಾಸಿಕ ನಗದನ್ನು ಘೋಷಿಸಿತು. ಕೇಂದ್ರದ ಯೋಜನೆಯ ಕಂತುಗಳು ನೋಂದಣಿ, ತಪಾಸಣೆ, ಲಸಿಕೆಗಳ ಷರತ್ತಿಗೆ ಬದ್ಧವಾದುದರಿಂದ ಅದನ್ನು ಖಾತರಿ ಆದಾಯವೆನ್ನಲಾಗದು. ತಾಯಿ ಕಾರ್ಡು, ಆಧಾರ್, ಬ್ಯಾಂಕ್ ಖಾತೆ ಈ ಮೂರರ ಹೆಸರೂ ಒಂದೇ ತೆರನಾಗಿ ಹೊಂದಿಕೆಯಾಗುವ ಹೊತ್ತಿಗೆ ಹೆರಿಗೆ ಆಗಿಹೋಗಿರುವುದನ್ನು ಅಂಗನವಾಡಿ ಕಾರ್ಯಕರ್ತೆಯರು ಬಲ್ಲರು. ಸರ್ಕಾರದ ಆಸರೆಯಲ್ಲಿ ಬೆಳೆದವರ ವಿಚಾರದಲ್ಲಿ ಹಿಮಾಚಲ ಪ್ರದೇಶ 2023ರಲ್ಲಿ ಮಾಡಿದ ಸುಖ ಆಶ್ರಯ ಶಾಸನ ಗಮನಾರ್ಹ. ಅನಾಥರನ್ನು ರಾಜ್ಯದ ಮಕ್ಕಳೆಂದು ಕರೆದು 27 ವರ್ಷದವರೆಗೆ ಅವರ ಹೊಣೆಯನ್ನು ಅದು ಸರ್ಕಾರದ ಮೇಲೆ ಹೊರಿಸುತ್ತದೆ. ಷರತ್ತಿಲ್ಲದ ನಗದಲ್ಲವಾದರೂ, ಗಡುವನ್ನು 21ರಿಂದಲೂ ಆರು ವರ್ಷ ಆಚೆಗೆ ಒಯ್ದ ಕಾನೂನು ಇದು.

ವಿರೋಧವೂ ಬಲವಾಗಿಯೇ ಬೆಳೆದಿದೆ. ಆರ್ಕಾನ್ಸಾ 2023ರಲ್ಲಿಯೂ, ಐಯೋವ, ಐಡಹೊ, ದಕ್ಷಿಣ ಡಕೋಟ ರಾಜ್ಯಗಳು 2024ರಲ್ಲಿಯೂ ಸ್ಥಳೀಯ ಸಂಸ್ಥೆಗಳು ಖಾತರಿ ಆದಾಯ ನೀಡದಂತೆ ಕಾನೂನು ಮಾಡಿದುವು. ಟೆಕ್ಸಾಸಿನ ಸರ್ವೋಚ್ಚ ನ್ಯಾಯಾಲಯ ಹ್ಯೂಸ್ಟನ್ ಸುತ್ತಣ ಹ್ಯಾರಿಸ್ ಜಿಲ್ಲೆಯ ಯೋಜನೆಯನ್ನು ಮೊದಲ ಕಂತು ಸಲ್ಲುವ ಮುನ್ನವೇ ತಡೆಹಿಡಿಯಿತು. ನಡೆದ ಯೋಜನೆಗಳ ಮಟ್ಟಿಗೆ ತೊಡಕು ಬೇರೆಯದು, ಅದು ಕೊನೆಯ ತಿಂಗಳಿನದು. ಹದಿನೆಂಟು ತಿಂಗಳು ಸಾವಿರ ಡಾಲರಿಗೆ ಹೊಂದಿಸಿಕೊಂಡ ಬಾಡಿಗೆಯ ಕರಾರು ಹತ್ತೊಂಬತ್ತನೆಯ ತಿಂಗಳೂ ಹಣ ಕೇಳುತ್ತದೆ. ಪೋಷಕತ್ವ ಮುಗಿದಾಗ ಎದುರಾದ ಗಡುವೇ ಎರಡನೆಯ ಸಲ ಎದುರಾದಂತೆ. ವೇಲ್ಸ್‌ನಲ್ಲಿ ಕಡೆಯ ಕಂತುಗಳು 2025ರಲ್ಲಿ ಸಂದು ಯೋಜನೆ ಮುಗಿಯಿತು, ಹೊಸಬರನ್ನು ಸೇರಿಸಿಕೊಂಡಿಲ್ಲ. ಕಾರ್ಡಿಫ್ ವಿಶ್ವವಿದ್ಯಾನಿಲಯದ ಸಂಶೋಧಕರು ಆ ಆರುನೂರು ಚಿಲ್ಲರೆ ಮಂದಿ ಹಣ ನಿಂತ ಮೇಲೆ ಎಲ್ಲಿ ವಾಸವಾಗಿದ್ದಾರೆ, ಏನು ದುಡಿಯುತ್ತಿದ್ದಾರೆ, ಏನು ಓದುತ್ತಿದ್ದಾರೆ ಎಂಬುದನ್ನು ಅದೇ ವಯಸ್ಸಿನ ಇತರರೊಡನೆ ಹೋಲಿಸಿ ನೋಡುತ್ತಿದ್ದಾರೆ. ಅವರ ಅಂತಿಮ ವರದಿಗೆ ಗೊತ್ತುಪಡಿಸಿರುವ ವರ್ಷ 2027.